ಅವ್ವ ಎಣಿಸದ ಒಂದು

ನಮ್ಮವ್ವ ಕನಕಮ್ಮಗ ಒಂದು ಕಡಿ ಸುಮ್ನ ಕುಂದ್ರಾಕ ಬರಂಗಿಲ್ಲ. ಕೋಗಳಿ ಅಂಗನವಾಡಿಯಾಗ ಇಪ್ಪತ್ತು ವರ್ಷದಿಂದ ಸಹಾಯಕಿ. ಎಸ್ಸೆಸ್ಸೆಲ್ಸಿಯಾಗ ಗಣಿತ ಒಂದು ಉಳದಿತ್ತು. ಅದು ಪಾಸಾದ್ರ ಅಲ್ಲೇ ಟೀಚರ್ ಆಗ್ತಾಳ. ಈ ಸಲ ತಪ್ಪಿದ್ರ ಆ ಜಾಗಕ್ಕ ಬ್ಯಾರೆಯವರು ಬರ್ತಾರ. ಕಲಿಸಾಕಿ ನಾನು, ಮಗಳು ರಮಾ. ಓದಾದು ಬಿ.ಎ., ಗಣಿತಕ್ಕೂ ನನಗೂ ಅಷ್ಟಕ್ಕಷ್ಟ. ಸಿಟ್ಟು ಮಾತ್ರ ಮೂಗಿನ ತುದಿಯಾಗ.

ಅವಿಭಾಜ್ಯ ಸಂಖ್ಯೆ ಹೇಳಿಕೊಡಾಕ ಶೇಂಗಾ ತಂದೆ. ಹನ್ನೆರಡು ಕೊಟ್ಟೆ, ನಾಲ್ಕು ನಾಲ್ಕರಂಗ ಮೂರು ಸಾಲು ಇಟ್ಲು. ಹದಿಮೂರು ಕೊಟ್ಟೆ. ಎರಡು ಸಾಲು ಮಾಡಿದ್ಲು, ಒಂದುಳೀತು. ಮೂರು ಮಾಡಿದ್ಲು, ಮತ್ತ ಒಂದುಳೀತು.

"ಹಾಳಾದ್ದು, ಯಾವ ಸಾಲಿಗೂ ಬಗ್ಗವಲ್ದಲ್ಲ!" ಅಂತ ಎದ್ದೇ ನಿಂತ್ಲು.

"ಅದಕ್ಕ ಅವಿಭಾಜ್ಯ ಅಂತಾರ. ಒಂದರಿಂದ, ತನ್ನಿಂದ ಬಿಟ್ರ ಬ್ಯಾರೆ ಯಾವುದ್ರಿಂದನೂ ಭಾಗ ಆಗಂಗಿಲ್ಲ."

ಮರುದಿನ ಕಸ ಹೊಡೀತಾನ ಇಪ್ಪತ್ತರೊಳಗಿನವು ಹೇಳಿದ್ಲು. "ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು. ಎಂಟು."

"ಒಂದು ಎಲ್ಲಿ ಹೋತು?"

"ಅದು ಲಾಭ ಅಲ್ಲೇನ?"

ನಮ್ಮ ಕಡಿ ಕಾಳು ಅಳಿಯುವಾಗ ಮೊದಲನೇ ಸೇರಿಗೆ ಒಂದು ಅನ್ನಂಗಿಲ್ಲ. ಲಾಭ, ಎರಡು, ಮೂರು ಅಂತೀವಿ. ಅಂಗನವಾಡಿ ಅಕ್ಕೀನೂ ಅವ್ವ ಹಂಗ ಅಳೀತಾಳ.

"ಇದು ಅಕ್ಕಿ ಅಲ್ಲ, ಗಣಿತ! ಒಂದು ಒಂದರಿಂದನೂ ಭಾಗ ಆಗತೈತಿ, ತನ್ನಿಂದನೂ ಆಗತೈತಿ. ಒಂಬತ್ತು ಅಂತ ಬರಿ!" ಅಂತ ಪುಸ್ತಕ ಒಗದೆ. ಅವ್ವ ಸುಮ್ನ ಬರಕೊಂಡ್ಲು.

ಪರೀಕ್ಷಿ ಕೊಟ್ಟೂರಾಗ. ಅವ್ವನ್ನ ಒಳಗ ಬಿಟ್ಟು ಗೇಟಿನ ಹೊರಗ ನಿಂತೆ. ಹೆಂಡ್ತೀನ ಪರೀಕ್ಷಿಗೆ ಕರಕೊಂಡು ಬಂದಿದ್ದ ಗಣಿತದ ಗುರುಮೂರ್ತಿ ಮೇಷ್ಟ್ರ ಮುಂದ ನನ್ನ ಶೇಂಗಾ ಪಾಠದ ಜಂಬ ಕೊಚ್ಚಿದೆ. ಅವ್ವ ಒಂದನ್ನ ಬಿಟ್ಟಿದ್ದು, ನಾ ತಿದ್ದಿ ಒಂಬತ್ತು ಬರಸಿದ್ದೂ ಹೇಳಿದೆ.

"ಒಂದು ಅವಿಭಾಜ್ಯ ಅಲ್ಲಮ್ಮ," ಅಂದ್ರು. "ಅವಿಭಾಜ್ಯಕ್ಕ ಸರಿಯಾಗಿ ಎರಡು ಭಾಜಕ ಇರಬೇಕು. ಒಂದಕ್ಕ ಇರೋದು ಒಂದ."

ಗೇಟಿನ ಕಂಬಿ ಹಿಡದೆ, ಬಿಟ್ಟೆ. ಚಾ ತರಿಸಿದೆ, ಕುಡೀಲಿಲ್ಲ. ಕೂಗಿ ಹೇಳೂಣಂದ್ರ ಪೊಲೀಸಪ್ಪ ನಿಂತಾನ. ಥೂ, ಏನ್ ಮಾಡಿಬಿಟ್ಟೆ ಅಂತ ಮೂರು ತಾಸು ಅತ್ತಿಂದಿತ್ತ ಅಡ್ಡಾಡಿದೆ.

ಅವ್ವ ಹೊರಗ ಬಂದ್ಲು. ನಾನು ಕೇಳಾಕ ಮುಂಚೇನ ಹೇಳಿದ್ಲು.

"ಇಪ್ಪತ್ತರೊಳಗ ಅವಿಭಾಜ್ಯ ಎಷ್ಟು ಅಂತ ಒಂದು ಅಂಕಕ್ಕ ಅದ ಬಿತ್ತಲೇ ರಮಾ. ಓದಿದಾಕಿ ಹೇಳ್ಯಾಳಂತ ಒಂಬತ್ತು ಬರದೆ. ಮನಸ್ಸು ತಡೀಲಿಲ್ಲ. ಒಂದರಿಂದ ಎಲ್ಲಾವೂ ಭಾಗ ಆಗ್ತಾವ. ಅದು ಅಳಿಯೋ ಸೇರು ಇದ್ದಂಗ, ಕಾಳಿನ ಲೆಕ್ಕಕ್ಕ ಹೆಂಗ ಬರತೈತಿ? ಒಂಬತ್ತು ಹೊಡದು ಹಾಕಿ ಎಂಟು ಮಾಡಿದೆ. ಬೈಬ್ಯಾಡವ್ವ."



ಫಲಿತಾಂಶ ಬಂದಾಗ ಅವ್ವಗ ಗಣಿತದಾಗ ಮೂವತ್ತೈದು. ಪಾಸಾಗಾಕ ಬೇಕಾಗಿದ್ದೂ ಅಷ್ಟ. ಓಣಿಗೆಲ್ಲಾ ಸಕ್ಕರಿ ಹಂಚಿ, "ನನ್ನ ಮಗಳು ಕಲಿಸಿದ್ಲು, ಅದಕ್ಕ ಪಾಸಾದೆ," ಅಂತ ಹೇಳಿಕೊಂಡು ಬಂದ್ಲು. ನಾನು ನಾಚಿಕಿ ತಡೀಲಾರದ ಒಳಮನಿಗೆ ಹೋಗಿ ಅತ್ತೆ. ನಾ ಹೇಳಿದ ಒಂಬತ್ತು ಹಂಗ ಬಿಟ್ಟು ಬಂದಿದ್ರ ಮೂವತ್ನಾಕು.