ಬಸ್ರಾ ಆಚಾರಿ ಹೇಳದೆ ಉಳಿಸಿದ ಮಾತು

ಕಾಳಾಚಾರಿ ತೀರಿಕೊಂಡು ಹದಿನೈದು ದಿನವಾಯಿತು. ಊರಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಒಂದೇ ಮಾತು: ಅಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ. ಸತ್ತವರನ್ನು ಹೊಗಳುವುದನ್ನು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗಳಲಿ. ಅವನ ಕೈಯಿಂದ ಒಂದು ನೇಗಿಲೋ ತೊಟ್ಟಿಲೋ ಬಾರದ ಮನೆ ಇಲ್ಲಿಲ್ಲ, ಅದು ನಿಜ. ಆದರೆ ಅರ್ಧ ಹೇಳಿ ಅರ್ಧ ನುಂಗುವುದನ್ನು ನಾನು ಸಹಿಸಲಾರೆ. ನನ್ನ ಮನೆ ಹಾಳಾದದ್ದೇ ಅದರಿಂದ.

ದೊಡ್ಡ ಬರದ ವರ್ಷ ಹುಟ್ಟಿದವನು ಅವನು. ತೂಬಗೆರೆ ಹೋಬಳಿಯ ನಮ್ಮ ಊರಿಗೆ ಅವನದೊಂದೇ ಬಡಗಿ ಮನೆ. ಹದಿನಾಲ್ಕನೆಯ ಇಸವಿಯಲ್ಲಿ ಶುರುವಾದ ಹಿಂದಿನ ಯುದ್ಧಕ್ಕೆ ಬಡಗಿಗಳು ಬೇಕೆಂದು ಸರ್ಕಾರ ಕೇಳಿದಾಗ ನಲವತ್ತರ ಹತ್ತಿರ ಬಂದಿದ್ದವನು ಉಳಿ, ಬಾಚಿ ಕಟ್ಟಿಕೊಂಡು ಸಮುದ್ರದಾಚೆಯ ಮರಳುಗಾಡಿನ ಬಸ್ರಾಕ್ಕೆ ಹಡಗು ಹತ್ತಿದ. ನಾಲ್ಕು ವರ್ಷದ ಮೇಲೆ ಒಂದು ಪದಕ ಎದೆಗೆ ಸಿಕ್ಕಿಸಿಕೊಂಡು, ಎಡಗೈಯ ಎರಡು ಬೆರಳು ಕಳೆದುಕೊಂಡು ಬಂದ. ಅಷ್ಟರಲ್ಲಿ ಹೆಂಡತಿ ವಿಷಜ್ವರದಲ್ಲಿ ಹೋಗಿದ್ದಳು. ಮಕ್ಕಳಿರಲಿಲ್ಲ. ಅಂದಿನಿಂದ ಊರೇ ಅವನ ಸಂಸಾರವಾಯಿತು. ಅವನ ಹೊಂಗೆಮರದ ಕೆಳಗೆ ಕೆಲಸವಿದ್ದವರೂ ಬರುತ್ತಿದ್ದರು, ಇಲ್ಲದವರೂ ಬರುತ್ತಿದ್ದರು. ಬಾಚಿ ಆಡಿಸುತ್ತಲೇ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ.

ಊರಿಗೆಲ್ಲ ದೊಡ್ಡ ನಗುವಿನ ದಿನವೆಂದರೆ ಚಕ್ರಕ್ಕೆ ಪಟ್ಟಿ ಹಾಕುವ ದಿನ. ಯಾರದೇ ಗಾಡಿಯಾಗಲಿ, ಮನೆಗೊಂದು ಮಂಕರಿ ಬೆರಣಿ ಹೋಗಲೇಬೇಕು. ಬೆರಣಿಯ ಬೆಂಕಿಯಲ್ಲಿ ಕಬ್ಬಿಣದ ಪಟ್ಟಿ ಕೆಂಪಗಾಗುವವರೆಗೆ ಬೇರೆ ಕೆಲಸವಿಲ್ಲ, ಆಚಾರಿಯ ಬಸ್ರಾ ಕತೆಯೇ ಕೆಲಸ.

"ಬೆರಳು ಎಲ್ಲೋಯ್ತು ಆಚಾರ್ರೇ?" ಎಂದು ಯಾರಾದರೂ ಕೇಳಬೇಕು.

"ಒಂಟೆ ಕಚ್ಕೊಂಡೋಯ್ತು ಕಣ್ರೋ. ಇವತ್ತಿಗೂ ಮೆಲುಕು ಹಾಕ್ತಾ ಇರ್ಬೇಕು ಅದು."

ಖರ್ಜೂರದ ತೋಟ, ದೊಡ್ಡ ಹೊಳೆ, ಪಾಯಿಜಾಮ ಉದುರಿಬಿದ್ದ ಸುಬೇದಾರ, ಇಷ್ಟೇ ಅವನ ಯುದ್ಧ. ಎಲ್ಲರಿಗಿಂತ ಮುಂದೆ ಕುಳಿತು ಕೇಳುತ್ತಿದ್ದವನು ನನ್ನ ತಮ್ಮ ಗೋಪಾಲಪ್ಪ. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ನಾನು ಮದುವೆಯನ್ನೂ ಬಿಟ್ಟು ಸಾಕಿದ ತಮ್ಮ. ನಲವತ್ತೊಂದನೆಯ ಇಸವಿಯಲ್ಲಿ ಈ ಎರಡನೆಯ ಯುದ್ಧಕ್ಕೆ ಭರ್ತಿ ಮಾಡಿಕೊಳ್ಳುವ ಜಮಾದಾರ ಬಂದ. ಪಟೇಲ ಅಪ್ಪಯ್ಯಣ್ಣ ಆಚಾರಿಗೆ ಪದಕ ಹಾಕಿಸಿ ಪಕ್ಕದಲ್ಲಿ ಕೂರಿಸಿದ. ಆಚಾರಿ ಎಂದಿನಂತೆ ನಗಿಸಿದ. ಗೋಪಾಲಪ್ಪ ಹೆಸರು ಕೊಟ್ಟ. ನಾನು ಕಾಲು ಹಿಡಿದು ಬೇಡಿಕೊಂಡೆ.

"ಆಚಾರ್‌ತಾತನೇ ಹೋಗಿ ಬಂದವ್ನೆ, ನಂಗೇನಾಗುತ್ತೆ ಬಿಡಕ್ಕಾ" ಎಂದು ನಗುತ್ತಲೇ ದೊಡ್ಡಬಳ್ಳಾಪುರಕ್ಕೆ ಹೋಗಿ ರೈಲು ಹತ್ತಿದ.

ಮರುವರ್ಷ ಆಷಾಢದಲ್ಲಿ ಕಾಗದ ಬಂತು. ಮಲಯ ದೇಶದಲ್ಲಿ ಕಾಣೆಯಾಗಿದ್ದಾನೆ, ಅಷ್ಟೇ. ಕಾಗದ ಹಿಡಿದು ನೇರ ಹೊಂಗೆಮರದ ಕೆಳಗೆ ಹೋದೆ.

"ಕಾಣೆ ಅಂದ್ರೆ ಏನು ತಾತ? ದಂಡಲ್ಲಿದ್ದೋನು ನೀನು, ಹೇಳು."

ಅವನು ಹಲಗೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನಮ್ಮ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟ. ನನಗೆ ಅವನ ನೆರಳು ಕಂಡರೂ ಮೈ ಉರಿಯುತ್ತಿತ್ತು.

ಆ ಸುಗ್ಗಿ ಕಳೆದ ಮೇಲೆ ಪಟೇಲನ ಗಾಡಿಗೆ ಪಟ್ಟಿ ಹಾಕುವುದಿತ್ತು. ಗಂಡಸರೆಲ್ಲ ಒಂದೆಡೆ ಸೇರುವ ದಿನವೆಂದು ತಿಳಿದೇ ಜಮಾದಾರ ಮತ್ತೆ ಬಂದಿದ್ದ. ಊರಿನ ಹುಡುಗರಲ್ಲಿ ಚಿಕ್ಕಬೀರಪ್ಪ ಮತ್ತು ಇನ್ನು ಮೂವರು ಆಗಲೇ ಹೆಸರು ಬರೆಸಿದ್ದರು. ನಾನೂ ಬೆರಣಿ ಹೊತ್ತು ಹೋಗಿದ್ದೆ. ಸುರಿದು ಬಂದುಬಿಡಬಹುದಿತ್ತು, ಬರಲಿಲ್ಲ. ಆಚಾರಿಯ ಎದುರಿಗೇ ನಿಂತೆ.

ಕೆಂಪಗೆ ಕಾದ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ತಂದು ಚಕ್ರದ ಸುತ್ತ ಕೂರಿಸಿದರು. ಮರ ಹೊಗೆಯಾಡಿತು. ಇನ್ನು ಆಚಾರಿ ಕೈ ಎತ್ತಬೇಕು, ಎಲ್ಲರೂ ಒಟ್ಟಿಗೆ ನೀರು ಸುರಿಯಬೇಕು. ತಡವಾದರೆ ಚಕ್ರ ಬೂದಿ. ಐವತ್ತು ವರ್ಷದಲ್ಲಿ ಅವನು ಒಂದು ಚಕ್ರ ಕೆಡಿಸಿದವನಲ್ಲ. ಅಷ್ಟರಲ್ಲಿ ಪಟೇಲ, "ಇದಾದ್ಮೇಲೆ ಹುಡುಗರಿಗೆ ಬಸ್ರಾ ಕತೆ ಹೇಳಿ ಆಚಾರ್ರೇ" ಎಂದ.

ಆಚಾರಿ ನನ್ನನ್ನು ನೋಡಿದ. ಕೈ ಎತ್ತಲಿಲ್ಲ.

"ಈಗ್ಲೇ ಹೇಳ್ತೀನಿ" ಎಂದ. "ದೋಣಿ ತುಂಬಾ ಗಾಯ ಆದೋರು. ಒಬ್ರ ಮೇಲೊಬ್ರು. ನೀರಿಲ್ಲ, ನೆರಳಿಲ್ಲ, ಗಾಯದ ತುಂಬಾ ಹುಳ. ದೋಣಿ ಬಿರುಕು ಬಿಡ್ತು, ಹಲಗೆ ಹೊಡಿ ಅಂದ್ರು. ಹಲಗೆ ಇದ್ದಿದ್ದು ಅವರ ಕೆಳಗೆ. ಅವರನ್ನ ಹೊರಳಿಸಿ ಕಿತ್ತೆ. ಹೊಸಕೋಟೆ ಕಡೆಯೋನೊಬ್ಬ, ವೆಂಕಟರಾಯಪ್ಪ ಅಂತ, ‘ನನ್ನ ಕೆಳಗಿಂದು ಬೇಡ ಆಚಾರ್ರೇ’ ಅಂತ ಕನ್ನಡದಲ್ಲಿ ಬೇಡ್ಕೊಂಡ. ಅವನದ್ನೂ ಕಿತ್ತೆ. ಅವತ್ತು ಜಜ್ಜಿದ ಬೆರಳು ಕೊಳೆತೋಯ್ತು, ಕಡಿದ್ರು. ಒಂಟೆಯಿಲ್ಲ ಏನಿಲ್ಲ."

"ನೀರು, ನೀರು" ಎಂದು ಪಟೇಲ ಕೂಗುತ್ತಿದ್ದ. ಆಚಾರಿಯ ಕೈ ಏಳದೆ ನೀರು ಸುರಿದು ಯಾರಿಗೂ ರೂಢಿಯಿಲ್ಲ. ಬಿಂದಿಗೆ ಹಿಡಿದುಕೊಂಡೇ ನಿಂತಿದ್ದರು. ಅವನ ಮಾತು ಮುಗಿಯುವ ಹೊತ್ತಿಗೆ ಚಕ್ರಕ್ಕೆ ಉರಿ ಹತ್ತಿತ್ತು.

ಹೆಸರು ಬರೆಸಿದ್ದ ನಾಲ್ವರೂ ಆ ಸಂಜೆಗೇ ಊರು ಬಿಟ್ಟು ನೆಂಟರ ಮನೆ ಸೇರಿದರು. ಜಮಾದಾರ ಮೇಲಿನವರಿಗೆ ಬರೆಯುತ್ತೇನೆಂದು ಹೆದರಿಸಿ ಹೋದ. ಪಟೇಲ ಮತ್ತೆ ಅವನಿಂದ ಒಂದು ಗೂಟವನ್ನೂ ಮಾಡಿಸಲಿಲ್ಲ. ಊರಿನವರು ಮಾತ್ರ ಆಚಾರಿಯನ್ನು ದೇವರಂತೆ ಕಂಡರು. ನಾಲ್ಕು ಜೀವ ಉಳಿಸಿದ ಎಂದರು. ನನಗೆ ಕೋಪ ಇಮ್ಮಡಿಯಾಯಿತು. ನಾಲ್ಕು ಉಳಿಸುವ ಮಾತು ಇಪ್ಪತ್ತು ವರ್ಷದಿಂದ ಅವನ ಹೊಟ್ಟೆಯಲ್ಲೇ ಇತ್ತಲ್ಲ, ಐದು ಉಳಿಸಬಹುದಿತ್ತಲ್ಲ.

ಮಾರನೆಯ ದಿನ ಹೋಗಿ ಕೇಳಿಯೇಬಿಟ್ಟೆ. "ನನ್ನ ತಮ್ಮ ಕೇಳ್ದಾಗ ಯಾಕೆ ಹೇಳ್ಲಿಲ್ಲ ತಾತ?"

"ನಗ್ತಾ ಕೇಳ್ದ ಕಣವ್ವಾ. ನಗೋರ ಮುಂದೆ ಅದನ್ನ ಹೇಳೋಕೆ ನಂಗೆ ಬಾಯೇ ಬರಲ್ಲ" ಎಂದ. ಬೇರೆ ನೆಪ ಹೇಳಲಿಲ್ಲ.

ಯುದ್ಧ ಮುಗಿಯಿತು. ಸ್ವಾತಂತ್ರ್ಯ ಬಂತು. ಗೋಪಾಲಪ್ಪ ಬರಲಿಲ್ಲ. ಈ ವರ್ಷ ಆಚಾರಿ ಹಾಸಿಗೆ ಹಿಡಿದಾಗ ಎಲ್ಲರೂ ಬಾಗಿಲವರೆಗೆ ಬಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ದಿನವೂ ರಾಗಿ ಗಂಜಿ ಕಾಯಿಸಿ ಕುಡಿಸಿದವಳು ನಾನು. ಅಕ್ಕಯಮ್ಮನ ಮನಸ್ಸು ದೊಡ್ಡದು, ಎಲ್ಲ ಮರೆತಳು ಎಂದರು. ಯಾರು ಮರೆತದ್ದು? ಹಸಿದುಕೊಂಡು ಸಾಯಬಾರದು ಯಾರೂ, ಅದಕ್ಕೆ ಹೋದೆ.

ಕೊನೆಯ ದಿನ ಬಟ್ಟಲು ತುಟಿಗೆ ಹಿಡಿದಾಗ ನನ್ನ ಮಣಿಕಟ್ಟು ಹಿಡಿದುಕೊಂಡ.

"ಕೋಪ ಹೋಯ್ತಾ ಅಕ್ಕಯ್ಯ?"

ಹೋಯಿತು ಎಂದಿದ್ದರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದ. ಕೇಳಿದವರೂ ಮೆಚ್ಚುತ್ತಿದ್ದರು. ಆದರೆ ಕೇಳುವವರ ಮನಸ್ಸಿಗೆ ಹಿತವಾಗಲೆಂದು ಆಡಿದ ಮಾತನ್ನು ನಂಬಿಯೇ ನನ್ನ ತಮ್ಮ ರೈಲು ಹತ್ತಿದ್ದು.

"ಇಲ್ಲ ತಾತ, ಹೋಗಿಲ್ಲ" ಎಂದೆ. ಅವನು ತಲೆಯಾಡಿಸಿ ಗಂಜಿ ಕುಡಿದ.