ವಾದ್ಯವೃಂದವಿಲ್ಲದ ಪಿಟೀಲು ಮೇಷ್ಟರು

ಪಾಶ್ಚಾತ್ಯ ಸಂಗೀತದ ಸ್ವರಲಿಪಿಯನ್ನು ಓದಬಲ್ಲ ಪಿಟೀಲು ಮೇಷ್ಟರು ನಂಜನಗೂಡಿನಲ್ಲಿ ಒಬ್ಬರೇ ಇದ್ದರು, ಗಂಗಾಧರಸ್ವಾಮಿಯವರು. ಆ ಸಂಗೀತವನ್ನು ಕೇಳುವವರು ಒಬ್ಬರೂ ಇರಲಿಲ್ಲವೆಂಬುದು ಅವರ ಹೆಮ್ಮೆಯನ್ನು ಕಿಂಚಿತ್ತೂ ಕುಗ್ಗಿಸಿರಲಿಲ್ಲ. ವಾದ್ಯವೃಂದದೊಡನೆ ನುಡಿಸಬೇಕಾದ ಒಂದು ಕೃತಿಯ ಹಾಳೆಗಳು ಮೈಸೂರಿನ ಹಳೆಯ ಪುಸ್ತಕದಂಗಡಿಯಲ್ಲಿ ಅವರಿಗೆ ಸಿಕ್ಕಿದ್ದವು; ಅವುಗಳಲ್ಲಿದ್ದುದು ಪಿಟೀಲಿನ ಪಾಲು ಮಾತ್ರ. ತಾಳದ ಮೊದಲ ಎಪ್ಪತ್ತೆರಡು ಆವರ್ತಗಳನ್ನು ವಾದ್ಯವೃಂದ ನುಡಿಸುವಾಗ ಪಿಟೀಲು ಸುಮ್ಮನಿರಬೇಕೆಂದು ಹಾಳೆ ಹೇಳುತ್ತಿತ್ತು. ಆದ್ದರಿಂದ ಪ್ರತಿ ಸಂಜೆ ಅವರು ಜರಿಪಂಚೆಯುಟ್ಟು, ಇಲ್ಲದ ನಲವತ್ತು ಮಂದಿ ವಾದ್ಯಗಾರರಿಗೆ ತಲೆಬಾಗಿ, ಕಣ್ಮುಚ್ಚಿ, ಕಾಲಿನಲ್ಲಿ ತಾಳ ಹಾಕುತ್ತ ನಿಲ್ಲುತ್ತಿದ್ದರು; ಹೆಂಡತಿ ಗುರುಬಸಮ್ಮನವರು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಎಣಿಸಿ, "ಎಪ್ಪತ್ತೆರಡಾಯ್ತು, ಎತ್ಕಳಿ!" ಎಂದು ಕೂಗುತ್ತಿದ್ದರು. ಬಂದ ನೆಂಟರು ನಕ್ಕರೆ, "ಅವ್ರು ಕಾಯೋದ್ನೂ ಪ್ರಾಕ್ಟೀಸ್ ಮಾಡ್ತಾವ್ರೆ ಕಣ್ರೀ" ಎನ್ನುತ್ತಿದ್ದರು. ಹೀಗೆ ಇಪ್ಪತ್ತು ವರ್ಷ ಕಳೆದ ಮೇಲೆ, ತೊಂಬತ್ತೆಂಟನೇ ಇಸವಿಯಲ್ಲಿ, ಆ ನೆಂಟರಲ್ಲೊಬ್ಬರು ಬೆಂಗಳೂರಿನಿಂದ ಅದೇ ಕೃತಿಯ ಕ್ಯಾಸೆಟ್ ತಂದರು. ಬರೀ ಹಾಳೆ ನೋಡಿ ಕಲಿತದ್ದೆಲ್ಲ ತಪ್ಪಾಗಿದ್ದರೆ ಎಂಬ ಭಯದಲ್ಲೇ ಮೇಷ್ಟರು ಪಿಟೀಲನ್ನು ಹೆಗಲಿಗೇರಿಸಿದರು. ಟೇಪ್‌ರೆಕಾರ್ಡರಿನಲ್ಲಿ ವಾದ್ಯವೃಂದ ಮೊಳಗಿತು, ಗುರುಬಸಮ್ಮನವರು ಎಣಿಸಿ "ಎತ್ಕಳಿ!" ಎಂದ ಕ್ಷಣಕ್ಕೇ ಕ್ಯಾಸೆಟ್ಟಿನ ಪಿಟೀಲು ಎದ್ದಿತು, ಮೇಷ್ಟರು ಕಲಿತಿದ್ದ ಅವೇ ಸ್ವರಗಳಲ್ಲಿ. ಅವರು ನುಡಿಸುವುದನ್ನೇ ಮರೆತು ಮಗುವಿನಂತೆ ನಕ್ಕುಬಿಟ್ಟರು. "ಮೊದ್ಲಿಂದ ಹಾಕೇ, ಈ ಸಲ ನುಡಿಸ್ತೀನಿ. ನೀನು ಎಣ್ಸು" ಎಂದರು. ಗುರುಬಸಮ್ಮನವರು ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ, ಸೆರಗಿಗೆ ಕೈಯೊರೆಸಿಕೊಂಡು, ಟೇಪ್‌ರೆಕಾರ್ಡರಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತರು. "ನೀವೇ ಎಣ್ಸ್ಕಳಿ. ಇಪ್ಪತ್ತು ವರ್ಷ ನಾನು ಎಣ್ಸಿದ್ದೀನಿ, ಈಗ ನಾನು ಕೇಳ್ಬೇಕು."