ಯಾರೂ ಮುಟ್ಟದ ವಿಡಿಯೊ

ಮಗಳಿಗೆ ಐದು ತಿಂಗಳಾಗಿದ್ದಾಗ ಶುರುವಾಯಿತು. ನಿದ್ದೆಯಿಂದ ಎದ್ದ ಕೂಡಲೇ ಎರಡೂ ಕೈ ಚಾಚುತ್ತಿದ್ದಳು. ತಲೆ ಮುಂದಕ್ಕೆ ಬಗ್ಗುತ್ತಿತ್ತು, ಮೊಣಕಾಲು ಹೊಟ್ಟೆಗೆ ಬರುತ್ತಿತ್ತು. ಆಮೇಲೆ ಮೈ ಸಡಿಲವಾಗುತ್ತಿತ್ತು. ಸ್ವಲ್ಪ ತಡೆದು ಮತ್ತೆ ಅದೇ. ಹೆಂಡತಿ ಇನ್ನೂ ಹುಂಚದ ಹತ್ತಿರ ತವರಿನಲ್ಲೇ ಇದ್ದಳು. ನಾನು ಹೊಸನಗರದಲ್ಲಿ ಗೂಡ್ಸ್ ಗಾಡಿ ಓಡಿಸುತ್ತೇನೆ. ಸಾಗರದಿಂದ ಟೈಲ್ಸ್ ತುಂಬಿಕೊಂಡು ಬರುವಾಗಲೂ ಕಣ್ಣ ಮುಂದೆ ಆ ಬಗ್ಗುವ ತಲೆಯೇ.

ಅತ್ತೆ ಹೊಟ್ಟೆನೋವು ಎಂದರು. ಬಜೆ ತೇದು ನೆಕ್ಕಿಸಿದರು, ಬೆಚ್ಚಿಬೀಳದಂತೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರು. ಪಕ್ಕದ ಮನೆಯವರು ದೃಷ್ಟಿ ಎಂದರು. ನನಗೆ ಯಾವುದೂ ಸರಿ ಕಾಣಲಿಲ್ಲ. ನಗುತ್ತಿದ್ದ ಮಗು ನಗುವುದನ್ನೇ ಬಿಟ್ಟಿತ್ತು. ಹೊಟ್ಟೆನೋವಿಗೆ ಪೂರ್ತಿ ನಗು ಹೋಗುತ್ತದೆಯೇ? ಜಗಳ ಮಾಡಿ ಎಲ್ಲರನ್ನೂ ಗಾಡಿ ಹತ್ತಿಸಿ ತೀರ್ಥಹಳ್ಳಿಗೆ ಕರೆದುಕೊಂಡು ಹೋದೆ.

ಮಕ್ಕಳ ಡಾಕ್ಟರ ಮುಂದೆ ಅವಳು ಒಂದು ಸಲವೂ ಹಾಗೆ ಮಾಡಲಿಲ್ಲ. ವಿಡಿಯೊ ಇದೆಯಾ ಎಂದರು. ಫೋನ್ ತುಂಬ ಇತ್ತು. ಅವರು ಅದನ್ನು ಕಂಪ್ಯೂಟರಿಗೆ ಹಾಕಿದರು. ಫಿಟ್ಸ್ ಬರುವ ಮಕ್ಕಳ ವಿಡಿಯೊಗಳನ್ನು ನೋಡಿ ಕಲಿತ ಎಐ ಅಂತೆ. ಎಲ್ಲಿ ಅನುಮಾನವೋ ಅಲ್ಲಿ ಗುರುತು ಹಾಕುತ್ತದಂತೆ. ಕಾಯಿಲೆ ಯಾವುದು ಅಂತ ಮೆಷಿನ್ ಹೇಳುತ್ತದಾ ಎಂದು ನೇರ ಕೇಳಿದೆ.

"ಅದು ಬರೀ ತೋರಿಸ್ತದೆ. ನೋಡೋದು ನಾನು. ಖಾತ್ರಿ ಆಗೋದು ಶಿವಮೊಗ್ಗದಲ್ಲಿ ತಲೆಗೆ ವೈರ್ ಹಚ್ಚಿ ಟೆಸ್ಟ್ ಮಾಡಿದ ಮೇಲೆ," ಎಂದರು. ಆ ಟೆಸ್ಟಿಗೆ ಮುಂದಿನ ವಾರವಷ್ಟೇ ದಿನ ಸಿಗುತ್ತಿತ್ತು. ಇದು ಅವರು ಅಂದುಕೊಂಡ ಫಿಟ್ಸೇ ಆಗಿದ್ದರೆ ತಡ ಮಾಡಿದಷ್ಟೂ ಮಗುವಿನ ಬುದ್ಧಿ ಬೆಳವಣಿಗೆಗೆ ಪೆಟ್ಟು. ವಿಡಿಯೊದಲ್ಲಿ ಸರಿಯಾಗಿ ಕಂಡರೆ ಫೋನ್ ಮಾಡಿ ನಾಳೆಯೇ ಮಾಡಿಸುತ್ತೇನೆ ಎಂದರು.

ಕಂಪ್ಯೂಟರಿಗೆ ಏನೂ ಸಿಗಲಿಲ್ಲ. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

"ಇದ್ರಲ್ಲಿ ಮಗು ಎಲ್ಲಿದೆ? ಬರೀ ನಿಮ್ಮ ಕೈ ಇದೆ."

ನಿಜ. ಬಟ್ಟೆಯೊಳಗೆ ಸುತ್ತಿದ ಮಗು, ಅದರ ಮೇಲೆ ಅತ್ತೆಯ ಕೈ, ಹೆಂಡತಿಯ ಕೈ. ಒಂದರಲ್ಲಿ ನನ್ನದೇ ಕೈ. ಅವಳು ಬಗ್ಗಿದ ಕೂಡಲೇ ಯಾರಾದರೊಬ್ಬರು ಬಾಚಿ ಎತ್ತಿಕೊಂಡಿದ್ದೆವು. ಬಟ್ಟೆ ಬಿಚ್ಚಿ, ಬೆಳಕಿನಲ್ಲಿ ಮಲಗಿಸಿ, ಫೋನ್ ಒಂದು ಕಡೆ ಇಟ್ಟು ದೂರ ನಿಲ್ಲಿ ಎಂದರು. ಉಸಿರಾಟ, ಮೈಬಣ್ಣ ಬದಲಾದರೆ ಮಾತ್ರ ಎತ್ತಿಕೊಂಡು ಬನ್ನಿ ಎಂದರು.

ಮಧ್ಯಾಹ್ನ ಅತ್ತೆಯ ಮನೆಗೆ ವಾಪಸ್ ಬಂದು ಜಗಲಿಯಲ್ಲಿ ಚಾಪೆ ಹಾಸಿ ಮಲಗಿಸಿದೆವು. ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿದೆ. ಅವಳು ಏಳಲೇ ಇಲ್ಲ. ನಾನು ಅಂಗಳಕ್ಕೂ ಜಗಲಿಗೂ ತಿರುಗಿದ್ದೇ ತಿರುಗಿದ್ದು. ಕೊನೆಗೆ ಕಣ್ಣು ಬಿಟ್ಟಳು. ಕೈ ಚಾಚಿದಳು, ತಲೆ ಬಗ್ಗಿತು. ಅತ್ತೆ ಎದ್ದರು. ನಾನು ಅಡ್ಡ ನಿಂತೆ.

"ಕೂಸು ಹಂಗ್ ಮಾಡ್ತಿದ್ರೆ ನೋಡ್ತಾ ನಿಂತ್ಕಳದಾ? ನಿಮ್ದೆಂಥ ಕಲ್ಲೆದೆಯಾ?"

"ನೀವ್ ಹಿಡ್ಕಂಡ್ರೆ ಡಾಕ್ಟ್ರಿಗೆ ಕಾಣದಿಲ್ಲ ಅತ್ತೆ."

"ಕಾಣದಿದ್ರೆ ಹಾಳಾಗ್ಲಿ, ಬಿಡಿ ನನ್ನ."

ಹೆಂಡತಿ ಕುಳಿತಲ್ಲಿಂದಲೇ ಕೈ ಚಾಚಿದಳು. "ಅಮ್ಮ, ನನ್ ಕೈ ಹಿಡ್ಕ ಬಾ."

ಅತ್ತೆ ಅವಳ ಕೈ ಹಿಡಿದುಕೊಂಡು ಕುಳಿತರು. ಮಗಳು ಮತ್ತೆ ಬಗ್ಗಿದಳು, ಮತ್ತೆ. ಒಂದೊಂದು ಸಲವೂ ಅತ್ತೆಯ ಬೆರಳು ಬಿಗಿಯುವುದು ನನಗೆ ಕಾಣುತ್ತಿತ್ತು. ನಾನು ಕಂಬ ಹಿಡಿದುಕೊಂಡಿದ್ದೆ.

ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ರಸ್ತೆ ತಿರುವಿಗೆ ಓಡಿ ವಿಡಿಯೊ ಕಳಿಸಿದೆ. ಅಲ್ಲೇ ನಿಂತಿದ್ದಾಗ ಡಾಕ್ಟರ ಫೋನ್ ಬಂತು. ಎಐ ಸಾಲಾಗಿ ಗುರುತು ಹಾಕಿತ್ತು. ಒಂದು ಬರೀ ಆಕಳಿಕೆ, ಅದನ್ನು ಅವರು ತೆಗೆದುಹಾಕಿದ್ದರು. ಉಳಿದವೆಲ್ಲ ಅವರಿಗೂ ಫಿಟ್ಸಿನಂತೆಯೇ ಕಂಡಿದ್ದವು. ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಹೋಗಿ ಎಂದರು. ಟೆಸ್ಟಿನಲ್ಲೂ ಅದೇ ಬಂತು. ಅಂದೇ ಔಷಧಿ ಶುರು ಮಾಡಿದರು.

ಈಗ ಕಡಿಮೆಯಾಗಿದೆ. ಹೋಗಿದೆ ಎಂದು ಡಾಕ್ಟರು ಇನ್ನೂ ಹೇಳಿಲ್ಲ, ಮತ್ತೆ ವಿಡಿಯೊ ಕೇಳಿದ್ದಾರೆ. ನಗುವೂ ಪೂರ್ತಿ ಬಂದಿಲ್ಲ. ಈ ಬೆಳಿಗ್ಗೆ ಬಟ್ಟೆ ಬಿಚ್ಚಿದ್ದು ಅತ್ತೆಯೇ. ಮಗಳು ಎದ್ದಳು, ಡಬ್ಬದ ಕಡೆ ನೋಡಿದಳು, ಕಾಲು ಒದ್ದಳು. ತಲೆ ಬಗ್ಗಲಿಲ್ಲ. ನಾವು ಮೂವರೂ ಕುಳಿತೇ ಇದ್ದೆವು. ಬಹಳ ಹೊತ್ತಾದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು:

"ಈಗ ಎತ್ಕಬೌದಾ?"